ಹಲಗೆಯ ಮೇಲೆ ಬೇಯುವ ಮೀನು

ಕೆಂಡದ ಮೇಲೆ ಮರದ ಹಲಗೆಯಿಟ್ಟು ಮೀನು ಬೇಯಿಸುವರೆಂದರೆ, ಹಲಗೆಯೇ ಉರಿದುಹೋಗದೆ ಎಂಬ ಶಂಕೆ ಸಹಜ. ಉತ್ತರ ಅಮೆರಿಕದ ಶಾಂತಸಾಗರ ತೀರದ ಮನೆಗಳಲ್ಲಿ ಸಾಮನ್ ಮೀನಿಗೆ ಈ ವಿಧಾನ ಬಲು ಪ್ರಿಯವಾದುದು. ಅಲ್ಲಿನ ಆದಿನಿವಾಸಿಗಳು ಸೀಡರ್ ಮರದ ಕಡ್ಡಿಗಳಿಗೆ ಮೀನನ್ನು ಸಿಕ್ಕಿಸಿ, ಬೆಂಕಿಯ ಪಕ್ಕದಲ್ಲಿ ನೆಟ್ಟು ಸುಡುತ್ತ ಬಂದವರು.

ಗುಟ್ಟೆಲ್ಲ ನೀರಿನಲ್ಲಿದೆ. ಸೀಡರ್ ಹಲಗೆ (ಇದು ನಮ್ಮ ದೇವದಾರುವಲ್ಲ, ಅಲ್ಲಿನ ಕೆಂಪು ಸೀಡರ್) ಒಂದು ಗಂಟೆಯಾದರೂ ನೀರಿನಲ್ಲಿ ನೆನೆಯಬೇಕು; ತೇಲದಂತೆ ಮೇಲೊಂದು ಭಾರವನ್ನಿಡಬೇಕು. ಉಪ್ಪು, ಕಾಳುಮೆಣಸಿನ ಪುಡಿ, ಕಂದು ಸಕ್ಕರೆಗಳನ್ನು ಸವರಿದ ಮೀನನ್ನು ಚರ್ಮ ಕೆಳಗಾಗುವಂತೆ ಅದರ ಮೇಲಿರಿಸಿ, ಒಲೆಯ ಮುಚ್ಚಳವನ್ನು ಮುಚ್ಚುತ್ತಾರೆ. ತಿರುವಿಹಾಕುವ ತೊಂದರೆಯಿಲ್ಲ. ನೆನೆದ ಹಲಗೆ ಬೇಗನೆ ಹೊತ್ತಿಕೊಳ್ಳದೆ, ಅಡಿಯಲ್ಲಿ ಕರಕಲಾಗುತ್ತ ಹೊಗೆಯಾಡುತ್ತದೆ. ಆ ಸುಗಂಧವೇ ಮೀನಿಗೆ ಒಗ್ಗರಣೆ. ಆದರೂ ಪಕ್ಕದಲ್ಲೊಂದು ತಂಬಿಗೆ ನೀರಿರುವುದು ಲೇಸು. ಮೀನಿನ ನಡುಭಾಗ 63 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಂದಂತೆಯೇ.

ಹಲಗೆಯ ಆಯ್ಕೆಯಲ್ಲಿ ಮಾತ್ರ ಉದಾಸೀನ ಸಲ್ಲದು. ಬೇಲಿಗೋ ಜಗಲಿಗೋ ಬಳಸಿ ಉಳಿದ ಮರವನ್ನು ಒಲೆಗೇರಿಸಬಾರದು. ಗೆದ್ದಲು, ಕೊಳೆತಗಳನ್ನು ತಡೆಯಲೆಂದು ಅಮೆರಿಕದಲ್ಲಿ 2003ರ ಕೊನೆಯವರೆಗೂ ಅಂಥ ಮರಕ್ಕೆ ಪಾಷಾಣ ಬೆರೆತ ದ್ರಾವಣವನ್ನು ಊಡಿಸುತ್ತಿದ್ದರು. ಹಳೆಯ ಹಲಗೆಗಳಲ್ಲಿ ಆ ವಿಷ ಇಂದಿಗೂ ಉಳಿದಿರಬಹುದು. ಸುಟ್ಟರೆ ಹೊಗೆಗೂ ಬೂದಿಗೂ ಸೇರುತ್ತದೆ. ಅಡುಗೆಗೆಂದೇ ಸಿದ್ಧಪಡಿಸಿದ, ಬಣ್ಣ ವಾರ್ನಿಷುಗಳ ಸೋಂಕಿಲ್ಲದ ಹಲಗೆಗಳು ಅಂಗಡಿಗಳಲ್ಲಿ ಪ್ರತ್ಯೇಕವಾಗಿಯೇ ದೊರೆಯುತ್ತವೆ.