ನಿಮಗಿದು ಗೊತ್ತೆ? ಡಿಸ್ಕ್‌ಗಳಿಗೆ ನಡಿಗೆಯೇ ಊಟ

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತನೆಯ 23 ಡಿಸ್ಕ್‌ಗಳಿವೆ. ವಯಸ್ಕರಲ್ಲಿ ಇವುಗಳ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಪೋಷಕಾಂಶ ಪಕ್ಕದ ಮೂಳೆಯಿಂದ ಜಿನುಗಿ ಬರಬೇಕು. ಹೆಜ್ಜೆ ಹಾಕುವಾಗ ಭಾರ ಬಿದ್ದು ಸಡಿಲವಾಗುವ ಲಯ ದ್ರವದ ಈ ಓಡಾಟಕ್ಕೆ ನೆರವಾಗುತ್ತದೆ.

ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ಮನುಷ್ಯ ಸಂಜೆಗಿಂತ ಒಂದೆರಡು ಸೆಂಟಿಮೀಟರ್ ಎತ್ತರವಿರುವುದು ಇದರಿಂದಲೇ. ಹೀಗೆ ಉಬ್ಬಿದ ಡಿಸ್ಕ್ ಬಗ್ಗುವಾಗ ಹೆಚ್ಚು ಒತ್ತಡಕ್ಕೆ ಸಿಲುಕುತ್ತದೆ. ಎದ್ದ ಕೂಡಲೇ ಸೊಂಟ ಬಗ್ಗಿಸಿ ಮೇವಿನ ಹೊರೆ ಎತ್ತುವುದಕ್ಕಿಂತ ಮೊದಲು ನಾಲ್ಕು ಹೆಜ್ಜೆ ನಡೆಯುವುದು ಲೇಸು. ಚಳಿಗಾಲದಲ್ಲಿ ಸ್ನಾಯುಗಳು ಬಿಗಿದಿರುವುದರಿಂದ ನಡಿಗೆಯನ್ನು ನಿಧಾನವಾಗಿ ಆರಂಭಿಸಬೇಕು.

ಮಂಡ್ಯ–ಮದ್ದೂರು ನಡುವಿನ ಹನಕೆರೆಯ ಸುತ್ತಿನ ಬಯಲಿನಲ್ಲಿ ಡಿಸೆಂಬರ್–ಜನವರಿ ನಡಿಗೆಗೆ ಹೇಳಿಮಾಡಿಸಿದ ಕಾಲ: ಮಳೆ ನಿಂತು ದಾರಿ ಒಣಗಿರುತ್ತದೆ, ಬಿಸಿಲಿಗೆ ಕಾವಿಲ್ಲ. ವಾಹನ ಓಡುವ ರಸ್ತೆಯ ಅಂಚಿಗಿಂತ ಕಬ್ಬಿನ ಗದ್ದೆಗಳ ಬಂಡಿದಾರಿ ವಾಸಿ. ಮಣ್ಣಿನ ಏರುತಗ್ಗು ಬೆನ್ನು, ಸೊಂಟದ ಸ್ನಾಯುಗಳಿಗೂ ಕೆಲಸ ಕೊಡುತ್ತದೆ. ಮಂಜು ಕವಿದಾಗ ಮಾತ್ರ ನಾಲೆ ಏರಿ ಬೇಡ.

2024ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಸೊಂಟನೋವಿನಿಂದ ಆಗತಾನೆ ಚೇತರಿಸಿಕೊಂಡಿದ್ದ 701 ಮಂದಿ ಇದ್ದರು. ತಜ್ಞರ ಸಲಹೆಯಂತೆ ನಡಿಗೆಯನ್ನು ಹಂತಹಂತವಾಗಿ ಹೆಚ್ಚಿಸಿಕೊಂಡವರಿಗೆ ನೋವು ಮರುಕಳಿಸಲು ಹಿಡಿದ ಮಧ್ಯಾಂಕ ಅವಧಿ 208 ದಿನ. ಉಳಿದವರಿಗೆ 112 ದಿನ.

ಕಾಲು ಜೋಮು ಹಿಡಿದು ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ನಡಿಗೆ ಮದ್ದಲ್ಲ, ತಕ್ಷಣ ವೈದ್ಯರನ್ನು ಕಾಣಬೇಕು. ಮುಂಜಾನೆಯ ನಡಿಗೆಗೆ ಇನ್ನೊಂದು ಮಿತಿಯೂ ಇದೆ: ಮೂಳೆಗೆ ಬೇಕಾದ ವಿಟಮಿನ್ ಡಿ ಎಳೆಬಿಸಿಲಲ್ಲಿ ಹೆಚ್ಚು ಸಿಗದು. ಅದಕ್ಕೆ ಹೊತ್ತೇರಿದ ಬಿಸಿಲೇ ಬೇಕು.