‘ಮೂಟ್ ಕೋರ್ಟ್‌ಗೆ ಹೋಗಬೇಕು, ರೊಕ್ಕ ಕೊಡಪ್ಪಾ’: ಕಾನೂನು ಓದುವ ಮಕ್ಕಳ ಪಾಲಕರು ತಿಳಿದಿರಬೇಕಾದ ಸಂಗತಿ

ಹಾವೇರಿ: ನಮ್ಮ ಜಿಲ್ಲೆಯಲ್ಲಿ ಕಿರಾಣಿ, ಗೊಬ್ಬರ, ಬಟ್ಟೆ ಅಂಗಡಿ ನಡೆಸುವ ಮನೆಗಳಿಂದ ಎಲ್‌ಎಲ್‌ಬಿಗೆ ಹೋದ ಹುಡುಗ ಹುಡುಗಿಯರು ಕಡಿಮೆಯೇನಿಲ್ಲ. ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಕೋರ್ಸ್, ಡಿಗ್ರಿ ಆದವರಿಗೆ ಮೂರು ವರ್ಷದ್ದು. ಕಾಲೇಜು ಸೇರಿ ಆರು ತಿಂಗಳಾಗುವಷ್ಟರಲ್ಲಿ ಮನೆಗೆ ಹೊಸ ಹೊಸ ಶಬ್ದ ಬರತೊಡಗುತ್ತವೆ: ಮೂಟ್ ಕೋರ್ಟ್, ಮೆಮೋರಿಯಲ್, ಇಂಟರ್ನ್‌ಶಿಪ್, ಪೇಪರ್ ಪಬ್ಲಿಕೇಶನ್. ಒಂದೊಂದು ಶಬ್ದದ ಹಿಂದೆಯೂ ಒಂದೊಂದು ಖರ್ಚು. ಗಲ್ಲಾದಲ್ಲಿ ಕುಳಿತ ಅಪ್ಪನಿಗೆ ‘ಇದು ಓದೋ ಇಲ್ಲ ಟೂರೋ’ ಎಂಬ ಅನುಮಾನ. ಮಕ್ಕಳಿಗೆ ಬಿಡಿಸಿ ಹೇಳಲು ಬರುವುದಿಲ್ಲ. ಹಾಗಾಗಿ ಈ ಬರಹ.

ಮೂಟ್ ಕೋರ್ಟ್ ಅಂದರೆ ನಾಟಕ ಅಲ್ಲ

ಕನ್ನಡದಲ್ಲಿ ಇದಕ್ಕೆ ಅಣಕು ನ್ಯಾಯಾಲಯ ಅಂತಾರೆ. ಹೆಸರು ಕೇಳಿ ಗ್ಯಾದರಿಂಗ್ ನಾಟಕದಂತೆ ಒಬ್ಬ ಆರೋಪಿ, ಒಬ್ಬ ಪೊಲೀಸ್, ಒಬ್ಬ ಸಾಕ್ಷಿ ಇರ್ತಾರೆ ಅಂದುಕೊಳ್ಳುವವರೇ ಜಾಸ್ತಿ. ಹಾಗಲ್ಲ. ಸಾಮಾನ್ಯವಾಗಿ ಅಲ್ಲಿ ಸಾಕ್ಷಿಯೂ ಇಲ್ಲ, ಪಾಟೀ ಸವಾಲೂ ಇಲ್ಲ. ನಡೆದದ್ದೇನು ಎಂಬುದನ್ನು ಸಂಘಟಕರೇ ನಾಲ್ಕಾರು ಪುಟದಲ್ಲಿ ಬರೆದು ಕೊಟ್ಟಿರುತ್ತಾರೆ. ಅದರಲ್ಲಿ ಒಂದಕ್ಷರ ಬದಲಿಸುವಂತಿಲ್ಲ. ಜಗಳ ಏನಿದ್ದರೂ ಕಾನೂನಿನ ಮೇಲೆ.

ನಮ್ಮ ಕಡೆಯದೇ ಉದಾಹರಣೆ ಕಟ್ಟಿ ನೋಡೋಣ. ಬ್ಯಾಡಗಿ ಸೀಮೆಯ ಒಬ್ಬ ರೈತ ಅಂಗಡಿಯಿಂದ ಮೆಣಸಿನಕಾಯಿ ಬೀಜ ಒಯ್ದ. ಮೊಳಕೆ ಸರಿಯಾಗಿ ಬರಲಿಲ್ಲ. ಪೊಟ್ಟಣ ಕಂಪನಿಯದು, ಅಂಗಡಿಯವರು ಸೀಲ್ ಒಡೆಯದೆ ಮಾರಿದ್ದಾರೆ. ರೈತ ಗ್ರಾಹಕರ ಆಯೋಗಕ್ಕೆ ಹೋದ. ಬೆಳೆ ಮಾರಿ ದುಡ್ಡು ಮಾಡಲು ಬೀಜ ಕೊಂಡವನು ‘ಗ್ರಾಹಕ’ ಆಗುತ್ತಾನೋ? ಆದರೆ ಪರಿಹಾರ ಕೊಡಬೇಕಾದವರು ಕಂಪನಿಯೋ, ಅಂಗಡಿಯವರೋ? ಮೂಟ್ ಪ್ರಶ್ನೆ ಇರುವುದೇ ಹೀಗೆ.

ರೈತನ ಪರ ನಿಂತ ವಿದ್ಯಾರ್ಥಿ ಹುಡುಕಿದರೆ ಸುಪ್ರೀಂ ಕೋರ್ಟಿನ 2012ರ ತೀರ್ಪೊಂದು ಸಿಗುತ್ತದೆ. ರಾಷ್ಟ್ರೀಯ ಬೀಜ ನಿಗಮದ ಆ ಪ್ರಕರಣದಲ್ಲಿ, ಬೀಜ ಕೊಂಡ ರೈತರೂ ಗ್ರಾಹಕರೇ ಎಂದು ಕೋರ್ಟ್ ಹೇಳಿತು. ಅಂಗಡಿಯವರ ಪರ ನಿಂತವನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಕಲಂ ಹಿಡಿಯುತ್ತಾನೆ. ತಾನು ತಯಾರಿಸದ ಸರಕಿಗೆ ಮಾರಾಟಗಾರ ಯಾವಾಗ ಹೊಣೆ ಎಂದು ಅದರಲ್ಲಿದೆ. ಸರಕನ್ನು ತಾನೇ ಬದಲಾಯಿಸಿದ್ದರೆ, ಕಂಪನಿ ಹೇಳಿದ್ದಕ್ಕಿಂತ ಹೆಚ್ಚಿನ ಖಾತ್ರಿ ತಾನೇ ಕೊಟ್ಟಿದ್ದರೆ, ತಯಾರಕ ಯಾರೆಂದೇ ಗೊತ್ತಾಗದಿದ್ದರೆ, ಇಟ್ಟುಕೊಳ್ಳುವುದರಲ್ಲಿ ತಕ್ಕ ಎಚ್ಚರ ವಹಿಸದಿದ್ದರೆ, ಹೀಗೆ. (‘ಇದನ್ನ ಒಯ್ಯಿರಿ, ನೂರಕ್ಕೆ ನೂರು ಮೊಳಕೆ, ನಾ ಗ್ಯಾರಂಟಿ’ ಅಂತ ಬಾಯಿ ಮಾತಲ್ಲಿ ಹೇಳುವ ಅಂಗಡಿಯವರು ಈ ಸಾಲನ್ನು ಎರಡು ಸಲ ಓದುವುದು ಒಳ್ಳೆಯದು.)

ಒಂದು ತಂಡದಲ್ಲಿ ಸಾಮಾನ್ಯವಾಗಿ ಮೂರು ಜನ. ಇಬ್ಬರು ವಾದ ಮಾಡುವವರು, ಒಬ್ಬರು ಹುಡುಕಿ ಕೊಡುವವರು. ಮೊದಲು ಲಿಖಿತ ವಾದ ಬರೆದು ಕಳಿಸಬೇಕು, ಅದೇ ಮೆಮೋರಿಯಲ್. ಇಲ್ಲಿ ಒಂದು ಮಜಾ ಇದೆ: ಎರಡೂ ಪಕ್ಷದ ಪರ ಬರೆಯಬೇಕು. ಬೆಳಿಗ್ಗೆ ರೈತನ ವಕೀಲ, ಮಧ್ಯಾಹ್ನ ಅಂಗಡಿಯವರ ವಕೀಲ. ವಾದಕ್ಕೆ ನಿಂತಾಗ ಎದುರಿಗೆ ಕೂತ ವಕೀಲರು, ಪ್ರಾಧ್ಯಾಪಕರು, ಕೆಲವೊಮ್ಮೆ ನಿಜವಾದ ನ್ಯಾಯಾಧೀಶರು ನಡುವೆಯೇ ತಡೆದು ಪ್ರಶ್ನೆ ಹಾಕುತ್ತಾರೆ. ಬಾಯಿಪಾಠ ಮಾಡಿಕೊಂಡು ಬಂದವನು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ.

ಈ ಪ್ರಶ್ನೆ ಎದುರಿಸುವ ಅಭ್ಯಾಸಕ್ಕಾಗಿಯೇ ಮೂಟ್ ಕೋರ್ಟ್ ಇರುವುದು. ಕಪ್ಪು, ಶೀಲ್ಡು ಆಮೇಲಿನ ಮಾತು.

ಇದು ಸಿಲೆಬಸ್‌ನಲ್ಲೂ ಇದೆ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮಗಳ ಪ್ರಕಾರ ಪ್ರತಿ ವಿದ್ಯಾರ್ಥಿಯೂ ಕಾಲೇಜಿನಲ್ಲಿ ಮೂರು ಮೂಟ್ ಮಾಡಬೇಕು, ಒಂದೊಂದಕ್ಕೆ 10 ಅಂಕ. ಇದಕ್ಕೆ ಊರು ಬಿಟ್ಟು ಹೋಗುವ ಖರ್ಚು ಇಲ್ಲ. ಹೊರಗಿನ ಸ್ಪರ್ಧೆ ಅದರ ಮೇಲಿನ ಮೆಟ್ಟಿಲು.

ಹೊರಗೆ ಹೋಗುವುದಾದರೆ

ಮೆಟ್ಟಿಲುಗಳು ಬಹಳ ಇವೆ. ತುತ್ತತುದಿಯಲ್ಲಿರುವುದು ಜೆಸಪ್ ಸ್ಪರ್ಧೆ. ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಅಮೆರಿಕದ ಫಿಲಿಪ್ ಜೆಸಪ್ ಅವರ ಹೆಸರಿನದು, 1960ರಿಂದ ನಡೆದಿದೆ. ಎರಡು ದೇಶಗಳ ನಡುವಿನ ಕಲ್ಪಿತ ವ್ಯಾಜ್ಯವನ್ನು ವಾದಿಸಬೇಕು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ತಂಡ 1999ರಲ್ಲಿ ಮತ್ತು 2013ರಲ್ಲಿ ಇದನ್ನು ಗೆದ್ದಿದೆ. ವ್ಯಾಪಾರ ವ್ಯಾಜ್ಯಗಳ ಮಧ್ಯಸ್ಥಿಕೆ ಬಗ್ಗೆ ವಿಯೆನ್ನಾದಲ್ಲಿ ನಡೆಯುವ ವಿಸ್ ಸ್ಪರ್ಧೆಯೂ ಇಷ್ಟೇ ಹೆಸರಾದದ್ದು. ಇವು ನಮ್ಮ ಮಕ್ಕಳಿಗೆ ಆಗದ ಮಾತು ಅಂತಲ್ಲ. ಆದರೆ ಮೊದಲ ವರ್ಷದಲ್ಲೇ ಅಲ್ಲಿಗೆ ಕಣ್ಣು ಹಾಕಬೇಕಿಲ್ಲ.

ನಮಗೆ ಹತ್ತಿರದ್ದು ಹುಬ್ಬಳ್ಳಿ. 2009ರ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇರುವುದು ಅಲ್ಲಿನ ನವನಗರದಲ್ಲಿ. ಹಾವೇರಿಯಲ್ಲಿ ಬಸ್ ಹತ್ತಿದರೆ ಬೆಳಿಗ್ಗೆ ಹೋಗಿ ಸಂಜೆ ಬರುವ ದಾರಿ. ಸ್ವಲ್ಪ ಮುಂದೆ ಧಾರವಾಡದಲ್ಲಿ ಹೈಕೋರ್ಟ್ ಪೀಠ. ರಾಜ್ಯದ ಕಾನೂನು ಕಾಲೇಜುಗಳು ಒಂದಕ್ಕೊಂದು ಆಹ್ವಾನ ಕೊಟ್ಟು ನಡೆಸುವ ರಾಜ್ಯ ಮಟ್ಟದ ಮೂಟ್, ಚರ್ಚಾ ಸ್ಪರ್ಧೆ, ಪ್ರಬಂಧ ಸ್ಪರ್ಧೆಗಳೇ ಶುರು ಮಾಡಲು ಸರಿಯಾದ ಜಾಗ.

ಕನ್ನಡದಲ್ಲೇ ಓದಿ ಬಂದವರಿಗೆ ಇಂಗ್ಲಿಷ್ ಅಂದರೆ ಎದೆ ಡವಡವ. ಇದು ಸಣ್ಣ ಮಾತಲ್ಲ. ಜಾಣ ಹುಡುಗಿಯರು ಇದೊಂದೇ ಕಾರಣಕ್ಕೆ ಹೆಸರು ಕೊಡದೆ ಹಿಂದೆ ಕೂತುಬಿಡುತ್ತಾರೆ. ತಾಲ್ಲೂಕು, ಜಿಲ್ಲಾ ಕೋರ್ಟಿನ ಭಾಷೆ ಕನ್ನಡ, ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನದು ಇಂಗ್ಲಿಷ್. ಹೀಗಾಗಿ ಎರಡೂ ಬೇಕು, ಆದರೆ ಎರಡೂ ಒಂದೇ ದಿನ ಬರಬೇಕಿಲ್ಲ. ಕನ್ನಡದಲ್ಲೇ ಅಣಕು ನ್ಯಾಯಾಲಯ ಸ್ಪರ್ಧೆ ನಡೆಸುವ ಕಾಲೇಜುಗಳು ರಾಜ್ಯದಲ್ಲಿವೆ. ಮೊದಲ ಸಲ ಎದ್ದು ನಿಂತು ವಾದ ಮಾಡುವ ಹೆದರಿಕೆ ಅಲ್ಲಿ ಕಳೆದುಕೊಂಡು, ಆಮೇಲೆ ಇಂಗ್ಲಿಷ್ ಮೂಟ್‌ಗೆ ಹೋದರೆ ಅರ್ಧ ಭಾರ ಇಳಿದಂತೆ.

ಖರ್ಚಿನ ವಿಚಾರ. ತಂಡಕ್ಕೆ ನೋಂದಣಿ ಶುಲ್ಕ, ಮೆಮೋರಿಯಲ್ ಪ್ರಿಂಟ್, ಬಸ್ ಅಥವಾ ರೈಲು, ಉಳಿದುಕೊಳ್ಳುವುದು. ಶುಲ್ಕದಲ್ಲಿ ಊಟ ವಸತಿ ಸೇರಿದೆಯೋ ಇಲ್ಲವೋ ಎಂಬುದನ್ನು ಮೊದಲು ಕೇಳಿ. ಕಾಲೇಜಿನ ಹೆಸರಿನಲ್ಲಿ ಹೋಗುವ ತಂಡಕ್ಕೆ ಕಾಲೇಜೇ ಶುಲ್ಕ ಕಟ್ಟುತ್ತದೆಯೇ ಎಂದು ಪ್ರಾಂಶುಪಾಲರಿಗೆ ಒಂದು ಅರ್ಜಿ ಬರೆಯಲು ಮಕ್ಕಳಿಗೆ ಹೇಳಿ. ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ. ಕರಿ ಕೋಟಿನ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಹೇಗಿದ್ದರೂ ಬೇಕು.

ಐದು ವರ್ಷದಲ್ಲಿ ಒಳ್ಳೆಯ ತಯಾರಿ ಮಾಡಿ ಎರಡು ಮೂರು ಸ್ಪರ್ಧೆಗೆ ಹೋದರೆ ಸಾಕು ಎನ್ನುವುದು ನಮ್ಮ ಅಭಿಪ್ರಾಯ. ಹತ್ತು ಕಡೆ ಹೋಗಿ ಹತ್ತು ‘ಭಾಗವಹಿಸಿದ್ದಾರೆ’ ಸರ್ಟಿಫಿಕೇಟ್ ತಂದರೆ ಫೈಲು ದಪ್ಪ ಆಗುತ್ತದೆ, ಅಷ್ಟೇ.

ಚೆಕ್ ಬೌನ್ಸ್ ಆದ ಅಂಗಡಿಯವರು ಬಂದರೆ?

ಮೂಟ್‌ನಷ್ಟು ಹೆಸರಿಲ್ಲದ ಇನ್ನೊಂದು ಸ್ಪರ್ಧೆ ಇದೆ: ಕ್ಲೈಂಟ್ ಕೌನ್ಸೆಲಿಂಗ್. ಕಕ್ಷಿದಾರನ ಜೊತೆ ಮಾತಾಡಿ ವಿಷಯ ತೆಗೆಯುವ ಸ್ಪರ್ಧೆ. ಒಬ್ಬರು ಕಕ್ಷಿದಾರನ ಪಾತ್ರದಲ್ಲಿ ಬಂದು ಕೂರುತ್ತಾರೆ. ಅರ್ಧ ಹೇಳುತ್ತಾರೆ, ಅರ್ಧ ಮುಚ್ಚಿಡುತ್ತಾರೆ, ಸಂಬಂಧವಿಲ್ಲದ್ದು ಹತ್ತು ಹೇಳುತ್ತಾರೆ. ವಿದ್ಯಾರ್ಥಿ ನಿಗದಿತ ಸಮಯದೊಳಗೆ ಬೇಕಾದದ್ದು ಕೇಳಿ ತಿಳಿದು ಸಲಹೆ ಕೊಡಬೇಕು.

ತಾಲ್ಲೂಕಿನಲ್ಲಿ ವಕೀಲಿ ಮಾಡುವವರಿಗೆ ಮೂಟ್‌ಗಿಂತ ಇದೇ ಹೆಚ್ಚು ಉಪಯೋಗ ಅಂತ ನಮಗೆ ಅನ್ನಿಸುತ್ತದೆ. ಯಾಕೆಂದರೆ ನೋಡಿ: ಉದ್ರಿ ಕೊಟ್ಟ ಅಂಗಡಿಯವರೊಬ್ಬರು ಬೌನ್ಸ್ ಆದ ಚೆಕ್ ಹಿಡಿದು ಬರುತ್ತಾರೆ. ಆ ಗಿರಾಕಿ ಎಷ್ಟು ವರ್ಷದ ಪರಿಚಯ, ಅವನ ತಮ್ಮ ಏನು ಅಂದ, ಎಲ್ಲ ಹೇಳುತ್ತಾರೆ. ಕಲಿತ ವಿದ್ಯಾರ್ಥಿ ಮೊದಲು ಕೇಳುವುದು ಒಂದೇ: ‘ಬ್ಯಾಂಕಿನವರು ಚೆಕ್ ವಾಪಸ್ ಆಯ್ತು ಅಂತ ತಿಳಿಸಿದ್ದು ಯಾವ ತಾರೀಖು?’ ಆ ದಿನದಿಂದ 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ಮುಟ್ಟಿದ ಮೇಲೆ ಹಣ ಕೊಡಲು ಅವನಿಗೆ 15 ದಿನ. ಕೊಡದಿದ್ದರೆ ಮುಂದಿನ ಒಂದು ತಿಂಗಳಲ್ಲಿ ಕೋರ್ಟಿಗೆ ದೂರು. ‘ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ’ ಮಾತು ನಂಬಿ ನೋಟಿಸಿನ 30 ದಿನ ಕಳೆದುಕೊಂಡರೆ, ಆ ನೋಟಿಸಿನ ಮೇಲೆ 138ನೇ ಕಲಂ ಕೇಸು ನಿಲ್ಲುವುದಿಲ್ಲ. ಸಾಲ ವಸೂಲಿಗೆ ಸಿವಿಲ್ ದಾವೆಯ ದಾರಿ ಹಿಡಿಯಬೇಕಾಗುತ್ತದೆ.

ತಾರೀಖು ಕೇಳದೆ ಕಲಂ ನಂಬರ್ ಹೇಳುವ ವಕೀಲರಿಂದ ಅಂಗಡಿಯವರಿಗೆ ಏನೂ ಲಾಭವಿಲ್ಲ.

ದುಡ್ಡಿಲ್ಲದೆ ಸಿಗುವ ಅವಕಾಶ ನಮ್ಮೂರಲ್ಲೇ ಇದೆ

ಅದೇ ಬಾರ್ ಕೌನ್ಸಿಲ್ ನಿಯಮದಲ್ಲಿ ಇನ್ನೂ ಎರಡು ಕೆಲಸ ಇವೆ. ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆಯನ್ನು ಕೋರ್ಟಿನಲ್ಲಿ ಕೂತು ನೋಡಿ ಬರೆಯಬೇಕು, 30 ಅಂಕ. ವಕೀಲರ ಆಫೀಸಿನಲ್ಲೋ ಕಾನೂನು ನೆರವು ಕಚೇರಿಯಲ್ಲೋ ಕಕ್ಷಿದಾರರ ಜೊತೆಗಿನ ಮಾತುಕತೆ, ಕಾಗದಪತ್ರ ತಯಾರಿ ನೋಡಬೇಕು, ಇದಕ್ಕೂ 30. ಸತ್ಯ ಹೇಳಬೇಕೆಂದರೆ ಇದನ್ನು ಸೀನಿಯರ್‌ಗಳ ಹಳೆಯ ಡೈರಿ ನೋಡಿ ನಕಲು ಹೊಡೆಯುವವರಿದ್ದಾರೆ. ರಾಣೆಬೆನ್ನೂರು, ಹಾನಗಲ್, ಶಿಗ್ಗಾವಿ, ಯಾವ ಕೋರ್ಟಿಗಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತರೆ ಪಾಟೀ ಸವಾಲು ಹೇಗೆ ನಡೆಯುತ್ತದೆ ಎಂದು ಕಣ್ಣಾರೆ ಕಾಣುತ್ತದೆ. ಮೂಟ್‌ನಲ್ಲಿ ಕಲಿಯಲಾಗದ್ದು ಇದೇ. ಸಾಮಾನ್ಯವಾಗಿ ಕೋರ್ಟಿನ ಬಾಗಿಲು ಸಾರ್ವಜನಿಕರಿಗೆ ತೆರೆದೇ ಇರುತ್ತದೆ, ಟಿಕೆಟ್ಟಿಲ್ಲ. ಕರ್ನಾಟಕ ಹೈಕೋರ್ಟಿನ ಕಲಾಪ 2021ರಿಂದ ಯೂಟ್ಯೂಬ್‌ನಲ್ಲೂ ಬರುತ್ತಿದೆ, ಮನೆಯಲ್ಲೇ ಕೂತು ನೋಡಬಹುದು.

ಇಂಟರ್ನ್‌ಶಿಪ್ ಕೂಡ ಕಡ್ಡಾಯ: ಮೂರು ವರ್ಷದ ಕೋರ್ಸಿಗೆ ಒಟ್ಟು 12 ವಾರ, ಐದು ವರ್ಷದ್ದಕ್ಕೆ 20 ವಾರ. ಇದಕ್ಕೆ ಬೆಂಗಳೂರಿನ ದೊಡ್ಡ ಸಂಸ್ಥೆಯೇ ಆಗಬೇಕಿಲ್ಲ. ಒಂದು ರಜೆ ಊರಿನ ವಕೀಲರ ಬಳಿ, ಒಂದು ರಜೆ ಧಾರವಾಡ ಪೀಠದ ವಕೀಲರ ಬಳಿ ಇದ್ದು ಬಂದರೆ ಎರಡೂ ಲೋಕ ಕಂಡಂತೆ. ದೆಹಲಿಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ ವಿದ್ಯಾರ್ಥಿಗಳಿಗೆ ಅಲ್ಪಾವಧಿ ಇಂಟರ್ನ್‌ಶಿಪ್ ನಡೆಸುತ್ತದೆ. ಅದರ ಪ್ರಕಟಣೆ ಆಯೋಗದ ವೆಬ್‌ಸೈಟ್‌ನಲ್ಲೇ ಬರುತ್ತದೆ.

ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನಂತೂ ಮರೆಯಬಾರದು. ಅರೆಕಾಲಿಕ ಕಾನೂನು ಸ್ವಯಂಸೇವಕರಾಗಿ ಕಾನೂನು ವಿದ್ಯಾರ್ಥಿಗಳು ವಕೀಲರಾಗಿ ನೋಂದಾಯಿಸುವವರೆಗೂ ಕೆಲಸ ಮಾಡಲು ಅವಕಾಶವಿದೆ. ಕೆಲಸ ಮಾಡಿದ ದಿನಕ್ಕೆ ಸಣ್ಣ ಗೌರವಧನವೂ ಉಂಟು. ಹಳ್ಳಿಗೆ ಹೋಗಿ, ಉಚಿತ ವಕೀಲರು ಯಾರಿಗೆ ಸಿಗುತ್ತಾರೆ ಎಂದು ಹೇಳುವ ಕೆಲಸ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಮಿಕರಿಗೆ ಆದಾಯದ ಮಿತಿ ಇಲ್ಲದೆಯೇ ಆ ಹಕ್ಕಿದೆ. ಸಹಾಯವಾಣಿ 15100.

ಸರ್ಟಿಫಿಕೇಟ್ ವ್ಯಾಪಾರ

ಮಕ್ಕಳ ವಾಟ್ಸಾಪ್ ಗ್ರೂಪಿಗೆ ದಿನಾ ಒಂದಿಲ್ಲೊಂದು ಪೋಸ್ಟರ್ ಬರುತ್ತದೆ. ‘ಆನ್‌ಲೈನ್ ಇಂಟರ್ನ್‌ಶಿಪ್, ಇಷ್ಟು ಕಟ್ಟಿ, ಒಂದು ತಿಂಗಳ ಸರ್ಟಿಫಿಕೇಟ್.’ ‘ರಾಷ್ಟ್ರೀಯ ಪ್ರಬಂಧ ಸ್ಪರ್ಧೆ, ಭಾಗವಹಿಸಿದ ಎಲ್ಲರಿಗೂ ಪ್ರಮಾಣಪತ್ರ.’ ‘ನಿಮ್ಮ ಲೇಖನ ಅಂತರರಾಷ್ಟ್ರೀಯ ಜರ್ನಲ್‌ನಲ್ಲಿ, ಮೂರು ದಿನದಲ್ಲಿ ಪ್ರಕಟ.’ ವ್ಯಾಪಾರಸ್ಥರಿಗೆ ಇದರ ಒಳಗುಟ್ಟು ಬೇಗ ತಿಳಿಯುತ್ತದೆ. ಬಹುಮಾನ ಒಬ್ಬರಿಗೆ, ಶುಲ್ಕ ಸಾವಿರ ಜನರಿಂದ.

ಕೆಲಸ ಮಾಡುವವನೇ ದುಡ್ಡು ಕಟ್ಟಬೇಕು ಎಂದರೆ ಅದು ಇಂಟರ್ನ್‌ಶಿಪ್ ಅಲ್ಲ. ಮೂರು ದಿನದಲ್ಲಿ ಅಚ್ಚಾಗುವ ಲೇಖನವನ್ನು ಯಾರೂ ಓದಿ ತಿದ್ದಿರುವುದಿಲ್ಲ. ಜರ್ನಲ್‌ಗೆ ಐಎಸ್‌ಎಸ್‌ಎನ್ ನಂಬರ್ ಇದೆ ಎಂದ ಮಾತ್ರಕ್ಕೆ ಗುಣಮಟ್ಟ ಇದೆ ಎಂದೇನೂ ಅಲ್ಲ, ಅದು ಬರೀ ಗುರುತಿನ ಸಂಖ್ಯೆ. ರೊಕ್ಕ ಕಳಿಸುವ ಮೊದಲು ಖಾತೆ ಯಾರ ಹೆಸರಿನಲ್ಲಿದೆ ನೋಡಿ. ಕಾಲೇಜು ಅಥವಾ ಸಂಸ್ಥೆಯ ಖಾತೆಯೋ, ಯಾರೋ ಒಬ್ಬ ವ್ಯಕ್ತಿಯ ಯುಪಿಐ ನಂಬರೋ? ಅನುಮಾನ ಬಂದರೆ ಕಾಲೇಜಿನ ಮೂಟ್ ಕೋರ್ಟ್ ನೋಡಿಕೊಳ್ಳುವ ಉಪನ್ಯಾಸಕರನ್ನು ಕೇಳಿ. ಸುಪ್ರೀಂ ಕೋರ್ಟ್ ತೀರ್ಪುಗಳು ಇ-ಎಸ್‌ಸಿಆರ್ ಪೋರ್ಟಲ್‌ನಲ್ಲಿ 2023ರಿಂದ ಪುಕ್ಕಟೆ ಸಿಗುತ್ತವೆ. ‘ತೀರ್ಪು ಓದಲು ದುಡ್ಡು ಬೇಕು’ ಎನ್ನುವ ಮಾತಿಗೂ ಈಗ ಅರ್ಥವಿಲ್ಲ.

ಡಿಗ್ರಿ ಆದ ಮೇಲೆ

ವಕೀಲರಾಗಿ ನೋಂದಾಯಿಸಲು ಹಲವು ರಾಜ್ಯಗಳಲ್ಲಿ ಸಾವಿರಾರು ರೂಪಾಯಿ ವಸೂಲಿ ನಡೆದಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಇದಕ್ಕೆ ತಡೆ ಹಾಕಿತು. ಕಾಯ್ದೆಯಲ್ಲಿ ಇರುವಷ್ಟೇ, ಅಂದರೆ ಸಾಮಾನ್ಯ ವರ್ಗಕ್ಕೆ 750 ರೂ., ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 125 ರೂ. ಮಾತ್ರ ನೋಂದಣಿ ಶುಲ್ಕ ಪಡೆಯಬಹುದು ಎಂದಿತು. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು, ಅದಕ್ಕೆ ಬೇರೆ ಶುಲ್ಕ.

ಮೂಟ್‌ನಲ್ಲಿ ಹುಡುಕಾಟ, ಬರವಣಿಗೆ ಚೆನ್ನಾಗಿ ಕಲಿತವರಿಗೆ ಲಾ ಕ್ಲರ್ಕ್ ಎಂಬ ದಾರಿ ಇದೆ. ನ್ಯಾಯಮೂರ್ತಿಗಳ ಜೊತೆ ಸಂಶೋಧನಾ ಸಹಾಯಕರಾಗಿ ಕೆಲಸ. ಪರೀಕ್ಷೆ, ಸಂದರ್ಶನದ ಮೂಲಕ ಆಯ್ಕೆ. ಸುಪ್ರೀಂ ಕೋರ್ಟಿನ 2024ರ ಪ್ರಕಟಣೆಯಲ್ಲಿ ತಿಂಗಳಿಗೆ 80,000 ರೂ. ಇತ್ತು. ಹೈಕೋರ್ಟ್ ಕೂಡ ಲಾ ಕ್ಲರ್ಕ್‌ಗಳನ್ನು ತೆಗೆದುಕೊಳ್ಳುತ್ತದೆ.

‘ಮಗ ಜಡ್ಜ್ ಆಗಬೇಕು’ ಅನ್ನುವ ಮನೆಗಳಿಗೆ ಇನ್ನೊಂದು ವಿಷಯ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರಲು ಕನಿಷ್ಠ 3 ವರ್ಷ ವಕೀಲಿ ಮಾಡಿರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ಹೇಳಿತು. ಲಾ ಕ್ಲರ್ಕ್ ಆಗಿ ದುಡಿದ ಅವಧಿಯೂ ಆ ಲೆಕ್ಕಕ್ಕೆ ಬರುತ್ತದೆ. ಈ 3 ವರ್ಷ ಎಣಿಸುವುದು ಬಾರ್ ಪರೀಕ್ಷೆ ಪಾಸಾದ ದಿನದಿಂದಲ್ಲ, ತಾತ್ಕಾಲಿಕ ನೋಂದಣಿ ಆದ ದಿನದಿಂದ. ಹಾಗಾಗಿ ಫಲಿತಾಂಶ ಬಂದ ಮೇಲೆ ‘ಪರೀಕ್ಷೆ ಆಗಲಿ, ಆಮೇಲೆ ನೋಡೋಣ’ ಅಂತ ಕೂರದೆ ಮೊದಲು ನೋಂದಣಿ ಮಾಡಿಸಿ.