ಮನೆಯ ಕಂಪ್ಯೂಟರಿನಲ್ಲಿ ಚಿತ್ರದ ಡಿಸ್ಕು ಓಡದಿದ್ದರೆ

ವಿಮಾನ ನಗರದ ಕನ್ನಡ ಮನೆಗಳಲ್ಲಿ ಹಲವರ ಕಪಾಟಿನಲ್ಲಿ ಇಂದಿಗೂ ಒಂದು ಕಟ್ಟು ಡಿಸ್ಕುಗಳಿವೆ. ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ ನಡೆದ ಮದುವೆ, ಮಕ್ಕಳ ಮುಂಜಿ, ಅಜ್ಜನ ಸಹಸ್ರಚಂದ್ರ ದರ್ಶನ, ಊರ ಜಾತ್ರೆ, ಒಂದು ರಾತ್ರಿಯ ಯಕ್ಷಗಾನ ಇವನ್ನೆಲ್ಲ ಕೆಲವು ವರ್ಷಗಳ ಹಿಂದೆ ವಿಡಿಯೋ ತೆಗೆಯುವವರು ವಿ.ಸಿ.ಡಿ.ಯಲ್ಲಿ ಇಲ್ಲವೆ ಡಿ.ವಿ.ಡಿ.ಯಲ್ಲಿ ತುಂಬಿ ಕೊಡುತ್ತಿದ್ದರು. ಈಗ ಅದನ್ನು ಕಂಪ್ಯೂಟರಿಗೆ ಹಾಕಿದರೆ ಚಿತ್ರ ಬರುವುದಿಲ್ಲ. ಬಂದರೂ ನಡುವೆ ನಿಂತುಬಿಡುತ್ತದೆ. ಡಿಸ್ಕು ಹಾಳಾಯಿತೆಂದು ತಿಳಿದು ಕಸಕ್ಕೆ ಎಸೆಯುವವರೂ ಉಂಟು. ವಾಚನಾಲಯಕ್ಕೆ ಬರುವ ಸದಸ್ಯ ಬಂಧುಗಳು ಈ ವಿಷಯವನ್ನು ಮತ್ತೆ ಮತ್ತೆ ಕೇಳುತ್ತಿರುವುದರಿಂದ, ತಿಳಿದಷ್ಟನ್ನು ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಮನಸ್ಸಿನಲ್ಲಿ ಇಡತಕ್ಕ ಮಾತು ಇಷ್ಟೆ: ಓಡದ ಡಿಸ್ಕೆಲ್ಲ ಸತ್ತ ಡಿಸ್ಕಲ್ಲ. ಮಿಲ್ಲಿನಲ್ಲಿ ಎಳೆ ಪದೇ ಪದೇ ಹರಿಯುತ್ತಿದ್ದರೆ ತಿಳಿದವರು ಕೂಡಲೇ ಮಗ್ಗವನ್ನು ಬಿಚ್ಚುವುದಿಲ್ಲ. ದೋಷ ನೂಲಿನದೋ, ಗಂಜಿಯದೋ, ಮಗ್ಗದ್ದೋ ಎಂದು ಮೊದಲು ವಿಂಗಡಿಸುತ್ತಾರೆ. ಇಲ್ಲಿಯೂ ಹಾಗೆಯೇ. ಆರೋಪಿಗಳು ಮೂವರು: ಚಿತ್ರವನ್ನು ಹೊತ್ತಿರುವ ಡಿಸ್ಕು, ಅದನ್ನು ಓದುವ ಡ್ರೈವು, ಓದಿದ್ದನ್ನು ಪರದೆಯ ಮೇಲೆ ತೋರಿಸುವ ಪ್ರೋಗ್ರಾಮು. ಮೂವರಲ್ಲಿ ತಪ್ಪು ಯಾರದೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಡಿಸ್ಕಿನ ರಚನೆ

ಡಿಸ್ಕೆಂದರೆ 12 ಸೆಂಟಿಮೀಟರು ಅಗಲದ, 1.2 ಮಿಲಿಮೀಟರು ದಪ್ಪದ ಪ್ಲಾಸ್ಟಿಕ್ ತಟ್ಟೆ. ಹಿಂದಿನ ಗ್ರಾಮಾಫೋನು ತಟ್ಟೆಯಲ್ಲಿ ಗೆರೆಯು ಹೊರ ಅಂಚಿನಿಂದ ಒಳಕ್ಕೆ ಸುತ್ತಿಕೊಂಡು ಬರುತ್ತಿತ್ತು. ಇದರಲ್ಲಿ ಒಳಗಿನಿಂದ ಹೊರಕ್ಕೆ ಹೋಗುತ್ತದೆ. ಓದುವುದಕ್ಕೆ ಮುಳ್ಳಿನ ಬದಲು ಲೇಸರ್ ಕಿರಣ. ಒಂದು ಸಿ.ಡಿ.ಯ ಗೆರೆಯನ್ನು ಬಿಚ್ಚಿ ನೇರವಾಗಿ ಹಾಸಿದರೆ 5 ಕಿಲೋಮೀಟರಿಗೂ ಮಿಕ್ಕ ಉದ್ದವಾಗುತ್ತದೆ. ವಿಮಾನ ನಗರದಿಂದ ಯೆರವಡಾ ತಲುಪಲು ಅಷ್ಟು ಸಾಕು. ಆದುದರಿಂದ ಸುತ್ತುಗಳು ಬಹಳ ಒತ್ತಾಗಿವೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನು ಎನ್ನುತ್ತಾರೆ. ಸಿ.ಡಿ.ಯಲ್ಲಿ ಸುತ್ತಿನಿಂದ ಸುತ್ತಿಗೆ 1.6 ಮೈಕ್ರಾನು, ಡಿ.ವಿ.ಡಿ.ಯಲ್ಲಿ 0.74 ಮೈಕ್ರಾನು. ತಲೆಗೂದಲಿನ ದಪ್ಪ 70 ಮೈಕ್ರಾನು ಎಂದು ಹಿಡಿದರೆ, ಒಂದು ಕೂದಲಿನ ಅಡಿಯಲ್ಲಿ ಸಿ.ಡಿ.ಯ 40ಕ್ಕೂ ಹೆಚ್ಚು ಸುತ್ತುಗಳು, ಡಿ.ವಿ.ಡಿ.ಯ 90ಕ್ಕೂ ಹೆಚ್ಚು ಸುತ್ತುಗಳು ಅಡಗುತ್ತವೆ. ಬೆರಳಿನ ಒಂದು ಎಣ್ಣೆಗುರುತು ಎಷ್ಟು ಚಿತ್ರವನ್ನು ಮರೆಮಾಡಬಲ್ಲದೆಂಬುದು ಇದರಿಂದ ತಿಳಿಯುತ್ತದೆ.

ವಿ.ಸಿ.ಡಿ. ಎಂದರೆ ಸಿ.ಡಿ.ಯ ಮೇಲೆಯೇ ಚಿತ್ರವನ್ನು ತುಂಬುವ ಕ್ರಮ. ಇದರ ನಿಯಮಗಳು 1993ರಲ್ಲಿ ಬಂದವು. ಒಂದರಲ್ಲಿ ಸುಮಾರು 74 ನಿಮಿಷದ ಚಿತ್ರ ಹಿಡಿಯುವುದರಿಂದಲೇ ಒಂದು ಸಿನಿಮಾಕ್ಕೆ ಎರಡು ಮೂರು ಡಿಸ್ಕು ಬೇಕಾಗುತ್ತಿದ್ದವು. ಡಿ.ವಿ.ಡಿ. 1996ರಲ್ಲಿ ಜಪಾನಿನ ಪೇಟೆಗೆ ಬಂತು. ಒಂದು ಪದರದ ಡಿ.ವಿ.ಡಿ.ಗೆ 4.7 ಗಿಗಾಬೈಟು ಹಿಡಿಯುತ್ತದೆ. ಕೈಯಲ್ಲಿರುವುದು ಯಾವುದೆಂದು ತಿಳಿಯಬೇಕಾದರೆ ಕಂಪ್ಯೂಟರಿನಲ್ಲಿ ಡಿಸ್ಕಿನ ಒಳಗಿನ ಪಟ್ಟಿಯನ್ನು ತೆರೆದು ನೋಡಬೇಕು. 'ಎಂಪೆಗ್‌ಎವಿ' ಎಂಬ ಫೋಲ್ಡರು ಇದ್ದರೆ ವಿ.ಸಿ.ಡಿ.; 'ವಿಡಿಯೋ ಟಿಎಸ್' ಎಂಬುದಿದ್ದರೆ ಡಿ.ವಿ.ಡಿ.

ದೋಷವನ್ನು ವಿಂಗಡಿಸುವ ಬಗೆ

ಮೂರು ಪರೀಕ್ಷೆಗಳು ಸಾಕು. ಮೂರಕ್ಕೂ ಹಣ ಖರ್ಚಿಲ್ಲ.

ಒಂದನೆಯದು: ಅದೇ ಡ್ರೈವಿಗೆ ಚೆನ್ನಾಗಿರುವ ಬೇರೊಂದು ಡಿಸ್ಕನ್ನು ಹಾಕಿ ನೋಡುವುದು. ಅದು ಓಡಿದರೆ ಡ್ರೈವೂ ಪ್ರೋಗ್ರಾಮೂ ಬಹುಮಟ್ಟಿಗೆ ನಿರ್ದೋಷಿಗಳು. ಹೋಲಿಸುವಾಗ ಡಿ.ವಿ.ಡಿ.ಗೆ ಡಿ.ವಿ.ಡಿ.ಯನ್ನೇ ಹಾಕಬೇಕು; ಕಾರಣವನ್ನು ಮುಂದೆ ಹೇಳುತ್ತೇವೆ.

ಎರಡನೆಯದು: ಅದೇ ಡಿಸ್ಕನ್ನು ನೆರೆಮನೆಯ ಕಂಪ್ಯೂಟರಿಗೋ ಟಿ.ವಿ.ಯ ಪ್ಲೇಯರಿಗೋ ಹಾಕಿ ನೋಡುವುದು. ಅಲ್ಲಿ ಓಡಿದರೆ ಡಿಸ್ಕಿಗೆ ಜೀವವಿದೆ.

ಮೂರನೆಯದು: ಚಿತ್ರ ಬರದಿದ್ದರೂ ಡಿಸ್ಕಿನೊಳಗಿನ ಫೈಲುಗಳ ಪಟ್ಟಿ ಕಾಣುತ್ತದೆಯೇ ಎಂದು ನೋಡುವುದು. ಪಟ್ಟಿ ಕಂಡು, ಒಂದು ದೊಡ್ಡ ಫೈಲು ಕಂಪ್ಯೂಟರಿಗೆ ತೊಂದರೆಯಿಲ್ಲದೆ ನಕಲಾದರೆ ಓದುವ ಕೆಲಸ ಸರಿಯಾಗಿ ನಡೆದಿದೆ. ತೋರಿಸುವ ಪ್ರೋಗ್ರಾಮಿನಲ್ಲಿ ಕೊರತೆಯಿದೆ ಎಂದು ತಿಳಿಯಬಹುದು.

ಪ್ರೋಗ್ರಾಮಿನ ದೋಷ

ಹೊಸ ಕಂಪ್ಯೂಟರು ಕೊಂಡವರಿಗೆ ಮೊದಲು ಎದುರಾಗುವುದು ಇದು. ವಿಂಡೋಸ್ 7ರ ಹಲವು ಆವೃತ್ತಿಗಳಲ್ಲಿ ಡಿ.ವಿ.ಡಿ. ತೋರಿಸುವ ಶಕ್ತಿ ಒಳಗೇ ಇತ್ತು. 2012ರಲ್ಲಿ ಬಂದ ವಿಂಡೋಸ್ 8ರಿಂದ ಮೈಕ್ರೋಸಾಫ್ಟಿನವರು ಅದನ್ನು ಮೀಡಿಯಾ ಪ್ಲೇಯರಿನಿಂದ ತೆಗೆದುಹಾಕಿದರು. ಡಿ.ವಿ.ಡಿ.ಯ ಚಿತ್ರವನ್ನು ಬಿಡಿಸಲು ಬೇಕಾದ ಪರವಾನಗಿಗೆ ಪ್ರತಿ ಕಂಪ್ಯೂಟರಿನ ಲೆಕ್ಕದಲ್ಲಿ ಶುಲ್ಕ ತೆರಬೇಕಾಗಿತ್ತು. ಡಿಸ್ಕು ನೋಡುವವರು ಕಡಿಮೆಯಾದ ಮೇಲೆ ಆ ಶುಲ್ಕ ಭಾರವೆನಿಸಿತು. ಹೀಗಾಗಿ ಹಳೆಯ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಡಿಸ್ಕು ಹೊಸದರಲ್ಲಿ ಓಡದಿದ್ದರೆ ಡಿಸ್ಕನ್ನು ದೂರುವುದು ನ್ಯಾಯವಲ್ಲ.

ಇದಕ್ಕೆ ಪರಿಹಾರ ಸುಲಭ. ವಿ.ಎಲ್.ಸಿ. ಎಂಬ ಪ್ಲೇಯರು ಧರ್ಮಾರ್ಥವಾಗಿ ದೊರೆಯುತ್ತದೆ. ಪ್ಯಾರಿಸ್ಸಿನ ಒಂದು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಕೆಲಸದಿಂದ ಹುಟ್ಟಿದ ಇದು 2001ರಿಂದ ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿದೆ. ವಿ.ಸಿ.ಡಿ., ಡಿ.ವಿ.ಡಿ. ಎರಡನ್ನೂ ತೋರಿಸುತ್ತದೆ. ವೀಡಿಯೋಲ್ಯಾನ್ ಸಂಸ್ಥೆಯ ಸ್ವಂತ ತಾಣದಿಂದಲೇ ಇದನ್ನು ಇಳಿಸಿಕೊಳ್ಳಬೇಕು. 'ಚಿತ್ರ ಬರಲು ಈ ಪ್ಯಾಕು ಹಾಕಿಕೊಳ್ಳಿ' ಎಂದು ಕರೆಯುವ ಅಪರಿಚಿತ ಜಾಹೀರಾತುಗಳ ಗೊಡವೆ ಬೇಡ. ಪ್ಲೇಯರಿನ 'ಮೀಡಿಯಾ' ಪಟ್ಟಿಯಲ್ಲಿ 'ಓಪನ್ ಡಿಸ್ಕ್' ಎಂಬುದನ್ನು ಒತ್ತಿ, ಡಿಸ್ಕಿನ ಜಾತಿಯನ್ನು ಆರಿಸಿ, ಪ್ಲೇ ಎಂದರೆ ಆಯಿತು. ವಿ.ಸಿ.ಡಿ. ಹಾಗೆ ತೆರೆಯದಿದ್ದರೆ ಎಂಪೆಗ್‌ಎವಿ ಫೋಲ್ಡರಿನೊಳಗಿನ 'ಡ್ಯಾಟ್' ಎಂದು ಕೊನೆಗೊಳ್ಳುವ ದೊಡ್ಡ ಫೈಲನ್ನು ವಿ.ಎಲ್.ಸಿ.ಗೆ ಎಳೆದು ಹಾಕಬಹುದು, ಚಿತ್ರವಿರುವುದು ಅದರಲ್ಲಿಯೇ.

ಚಿತ್ರ ಬಂದು ಧ್ವನಿ ಬರದಿದ್ದರೆ 'ಆಡಿಯೋ' ಪಟ್ಟಿಯಲ್ಲಿ ಬೇರೆ ಧ್ವನಿಪಥವನ್ನು ಆರಿಸಿ ನೋಡಬೇಕು. ಕಂಪ್ಯೂಟರನ್ನು ಟಿ.ವಿ.ಗೆ ಜೋಡಿಸಿದ್ದರೆ ಧ್ವನಿ ಟಿ.ವಿ.ಗೆ ಹೋಗುತ್ತಿರಬಹುದು.

ವಿದೇಶದಲ್ಲಿರುವ ಮಕ್ಕಳು ತಂದ ಸಿನಿಮಾ ಡಿ.ವಿ.ಡಿ.ಗಳಲ್ಲಿ ಇನ್ನೊಂದು ತೊಡಕುಂಟು. ಸಿನಿಮಾ ಕಂಪನಿಗಳು ಜಗತ್ತನ್ನು ವಲಯಗಳಾಗಿ ಹಂಚಿಕೊಂಡು ಡಿಸ್ಕಿಗೆ ವಲಯಸಂಖ್ಯೆ ಹಾಕಿದವು. ಭಾರತದ್ದು 5, ಅಮೆರಿಕದ್ದು 1, ಯುರೋಪು ಮತ್ತು ಕೊಲ್ಲಿ ರಾಷ್ಟ್ರಗಳದ್ದು 2. ಕಂಪ್ಯೂಟರಿನ ಡ್ರೈವಿನಲ್ಲಿ ಈ ಸಂಖ್ಯೆಯನ್ನು ನಾವು ಬದಲಿಸಬಹುದು, ಆದರೆ ಐದೇ ಸಲ. ಐದನೆಯ ಬದಲಾವಣೆಯ ಮೇಲೆ ಡ್ರೈವು ಅದೇ ಸಂಖ್ಯೆಗೆ ಬಿಗಿದುಕೊಳ್ಳುತ್ತದೆ. ಕಂಪ್ಯೂಟರು ವಲಯ ಬದಲಿಸಲೇ ಎಂದು ಕೇಳಿದಾಗ ಓದದೆ 'ಹೂಂ' ಎನ್ನಬಾರದು. ಮನೆಯ ಮದುವೆಯ ಡಿಸ್ಕಿಗೂ ವಿ.ಸಿ.ಡಿ.ಗೂ ಈ ವಲಯದ ಕಾಟವಿಲ್ಲ.

ಡ್ರೈವಿನ ದೋಷ

ಈಚಿನ ಲ್ಯಾಪ್‌ಟಾಪುಗಳಲ್ಲಿ ಡ್ರೈವೇ ಇರುವುದಿಲ್ಲ. ಹೊರಗಿನಿಂದ ಜೋಡಿಸುವ ತೆಳ್ಳನೆಯ ಯು.ಎಸ್.ಬಿ. ಡ್ರೈವು ಬುಧವಾರ ಪೇಟೆಯ ತಪ್ಕೀರ್ ಗಲ್ಲಿಯಂಥ ಕಡೆ ವಿಚಾರಿಸಿದರೆ ಸಿಗುತ್ತದೆ. ಈ ಡ್ರೈವಿಗೆ ಪ್ರತ್ಯೇಕ ವಿದ್ಯುತ್ತಿಲ್ಲ. ಕಂಪ್ಯೂಟರಿನ ಕಿಂಡಿಯಿಂದಲೇ ಪಡೆಯಬೇಕು. ಹಳೆಯ ಬಗೆಯ ಒಂದು ಕಿಂಡಿ ನಿಯಮದಂತೆ ಕೊಡುವುದು 500 ಮಿಲಿಆಂಪಿಯರು ಮಾತ್ರ; ಡಿಸ್ಕು ತಿರುಗಲು ಹೊರಡುವಾಗ ಅದಕ್ಕಿಂತ ಹೆಚ್ಚು ಬೇಕಾಗಬಹುದು. ಆಗ ಡ್ರೈವು ಕಟಕಟ ಎಂದು ಎರಡು ಸಲ ಎದ್ದು ಮಲಗುತ್ತದೆ, ಇಲ್ಲವೆ ಕಂಪ್ಯೂಟರಿನ ಪಟ್ಟಿಯಿಂದಲೇ ಮಾಯವಾಗುತ್ತದೆ. ಕಿಂಡಿಗಳನ್ನು ಕವಲೊಡೆಯುವ ಹಬ್ಬನ್ನು ತೆಗೆದು ನೇರವಾಗಿ ಜೋಡಿಸಬೇಕು. ದೊಡ್ಡ ಕಂಪ್ಯೂಟರಾದರೆ ಹಿಂಬದಿಯ ಕಿಂಡಿಯನ್ನು ಉಪಯೋಗಿಸಬೇಕು. ತಂತಿಗೆ ಎರಡು ತುದಿಗಳಿದ್ದರೆ ಎರಡನ್ನೂ ಚುಚ್ಚಬೇಕು.

ಡ್ರೈವು ಸಿ.ಡಿ.ಯನ್ನು ಓದಿ ಡಿ.ವಿ.ಡಿ.ಯನ್ನು ಓದದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಸಿ.ಡಿ.ಗೆ 780 ನ್ಯಾನೋಮೀಟರಿನ ಕಿರಣ, ಡಿ.ವಿ.ಡಿ.ಗೆ 650 ನ್ಯಾನೋಮೀಟರಿನ ಕಿರಣ ಬೇಕು. ಎರಡರಲ್ಲಿ ಒಂದು ಕ್ಷೀಣಿಸಿ ಇನ್ನೊಂದು ಉಳಿದಿರಬಹುದು. ಡಿ.ವಿ.ಡಿ.ಯನ್ನು ಡಿ.ವಿ.ಡಿ.ಯಿಂದಲೇ ಪರೀಕ್ಷಿಸಬೇಕೆಂದು ಹೇಳಿದ್ದು ಇದಕ್ಕಾಗಿ. ಹಾಗೆಯೇ, ಒಂದು ಡ್ರೈವು ಕೈಬಿಟ್ಟ ಡಿಸ್ಕನ್ನು ಬೇರೆ ತಯಾರಿಕೆಯ ಡ್ರೈವು ಓದುವುದುಂಟು. ಆದ್ದರಿಂದ ಬೆಲೆಬಾಳುವ ಡಿಸ್ಕನ್ನು ಕನಿಷ್ಠ ಎರಡು ಮೂರು ಡ್ರೈವುಗಳಲ್ಲಿ ನೋಡದೆ ಎಸೆಯತಕ್ಕದ್ದಲ್ಲ.

ಡಿಸ್ಕಿನ ದೋಷ

ಗೆರೆಯು ಒಳಗಿನಿಂದ ಹೊರಕ್ಕೆ ಹೋಗುವುದರಿಂದ, ಚಿತ್ರ ನಿಲ್ಲುವ ಜಾಗವೇ ದೋಷದ ಜಾಗವನ್ನು ಸೂಚಿಸುತ್ತದೆ. ಆರಂಭದಲ್ಲಿಯೇ ನಿಂತರೆ ನಡುವಿನ ತೂತಿನ ಹತ್ತಿರ ನೋಡಬೇಕು. ತುಂಬಿದ ಡಿಸ್ಕು ಕೊನೆಗೆ ಬಂದಾಗ ನಿಂತರೆ ಹೊರ ಅಂಚನ್ನು ನೋಡಬೇಕು. ನಮ್ಮ ಬೆರಳುಗಳು ಮುಟ್ಟುವುದು ಅಲ್ಲಿಯೇ.

ಒರೆಸುವ ಕ್ರಮ ಹೀಗೆ: ನಯವಾದ, ನೂಲು ಬಿಡದ, ಒಗೆದ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ, ಚಕ್ರದ ಅರೆಕಾಲುಗಳ ಹಾಗೆ ಒರೆಸಬೇಕು. ಸುತ್ತಿ ಸುತ್ತಿ ಒರೆಸಬಾರದು. ಅಡ್ಡಲಾದ ಗೀರು ಪ್ರತಿ ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವನ್ನು ಮಾತ್ರ ಕೆಡಿಸುತ್ತದೆ; ಡಿಸ್ಕಿನಲ್ಲಿ ತಪ್ಪು ತಿದ್ದಿಕೊಳ್ಳುವ ಲೆಕ್ಕವಿರುವುದರಿಂದ ಅದನ್ನು ಡ್ರೈವು ಸರಿಪಡಿಸಿಕೊಳ್ಳುತ್ತದೆ. ಗೆರೆಯ ಗುಂಟ ಬಿದ್ದ ಗೀರು ಉದ್ದಕ್ಕೂ ನುಂಗುತ್ತದೆ. ಜಿಡ್ಡು ಹೋಗದಿದ್ದರೆ ತಣ್ಣೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸಾಬೂನು ಸಾಕು. ತೊಳೆದು ಪೂರಾ ಒಣಗಿಸಿ ಹಾಕಬೇಕು. ಪೇಂಟ್ ತೆಗೆಯುವ ದ್ರವ, ಉಗುರುಬಣ್ಣ ತೆಗೆಯುವ ದ್ರವ ಸರ್ವಥಾ ಕೂಡದು; ಪ್ಲಾಸ್ಟಿಕ್ ಮಂಜಾಗುತ್ತದೆ.

ಹೊಳೆಯುವ ಬದಿಗಿಂತ ಚೀಟಿಯ ಬದಿ ಗಟ್ಟಿಯೆಂದು ಅನೇಕರು ತಿಳಿದಿದ್ದಾರೆ. ಸಿ.ಡಿ., ವಿ.ಸಿ.ಡಿ.ಗಳಲ್ಲಿ ನಿಜಸ್ಥಿತಿ ಇದಕ್ಕೆ ವಿರುದ್ಧ. ಕಿರಣವನ್ನು ಹಿಂದಿರುಗಿಸುವ ಲೋಹದ ತೆಳುಪದರವಿರುವುದು ಮೇಲಿನ ಹೆಸರಿನ ಬದಿಗೆ ತಾಗಿಕೊಂಡು. ಅದರ ಮೇಲೆ ಬರಿಯ ಮೆರುಗೆಣ್ಣೆಯ ಹೊದಿಕೆ. ಬಾಲ್‌ಪೆನ್ನಿನಿಂದ ಒತ್ತಿ 'ಅಣ್ಣನ ಮದುವೆ' ಎಂದು ಬರೆದರೆ ಮದುವೆಗೇ ಪೆಟ್ಟು. ಡಿ.ವಿ.ಡಿ.ಯಲ್ಲಿ ಪದರವು ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಇರುವುದರಿಂದ ಅಷ್ಟು ಭಯವಿಲ್ಲ. ಡಿಸ್ಕನ್ನು ಬೆಳಕಿಗೆ ಹಿಡಿದಾಗ ಲೋಹದಲ್ಲಿ ಸೂಜಿಮೊನೆಯಂಥ ತೂತುಗಳು ಕಂಡರೆ ಆ ಭಾಗ ಹೋಯಿತೆಂದೇ ಅರ್ಥ. ಯಾವ ಪಾಲೀಷೂ ಅದನ್ನು ತಾರದು. ಕೆಳಬದಿಯ ಗೀರನ್ನು ಮಾತ್ರ ಉಜ್ಜಿ ತಗ್ಗಿಸಬಹುದು.

ವಿಡಿಯೋದವರು ಕೊಟ್ಟ ಡಿಸ್ಕುಗಳು ಸಾಮಾನ್ಯವಾಗಿ ಕಾರ್ಖಾನೆಯ ಅಚ್ಚಿನವಲ್ಲ. ಬಣ್ಣದ ಪದರವನ್ನು ಲೇಸರಿನಿಂದ ಸುಟ್ಟು ಬರೆದವು. ಬಣ್ಣದ ಬಟ್ಟೆ ಬಿಸಿಲಿಗೆ ಮಾಸುವಂತೆ ಈ ಬಣ್ಣವೂ ಮಾಸುತ್ತದೆ. ಕಿಟಕಿಯ ಬಳಿ, ಟಿ.ವಿ.ಯ ಮೇಲೆ ಇಟ್ಟ ಡಿಸ್ಕು ಬೇಗ ಕೆಡುವುದು ಇದರಿಂದ. ಕ್ಯಾಮರಾದಿಂದ ನೇರವಾಗಿ ತುಂಬಿದ 8 ಸೆಂಟಿಮೀಟರಿನ ಸಣ್ಣ ಡಿಸ್ಕುಗಳ ಮಾತು ಬೇರೆ. ಅವನ್ನು ಕೊನೆಯಲ್ಲಿ 'ಫೈನಲೈಜ್' ಮಾಡಿರದಿದ್ದರೆ ಡಿಸ್ಕು ಚೆನ್ನಾಗಿದ್ದರೂ ಕಂಪ್ಯೂಟರಿಗೆ ಖಾಲಿಯೆಂದು ತೋರಬಹುದು. ಆ ಕ್ಯಾಮರಾ ಇನ್ನೂ ಇದ್ದರೆ ಅದರಲ್ಲಿಯೇ ಆ ಕೆಲಸ ಮುಗಿಸಬೇಕು. ಸೀಳಿನೊಳಗೆ ಡಿಸ್ಕನ್ನು ಎಳೆದುಕೊಳ್ಳುವ ಡ್ರೈವಿಗೆ ಈ ಸಣ್ಣ ಡಿಸ್ಕನ್ನು ಹಾಕಬಾರದು, ಸಿಕ್ಕಿಹಾಕಿಕೊಳ್ಳುತ್ತದೆ.

ಓಡಿದ ದಿನವೇ ನಕಲು

ಸಿನಿಮಾ ಡಿಸ್ಕು ಹೋದರೆ ನಷ್ಟ ಅಲ್ಪ. 2006–07ರ ಸುಮಾರಿಗೆ ಕನ್ನಡವೂ ಸೇರಿ ಹಲವು ಭಾಷೆಗಳ ಚಿತ್ರಗಳನ್ನು ಅಗ್ಗವಾಗಿ ಮಾರಲು ಹೊರಟ ಮೋಸರ್ ಬೇರ್ ಕಂಪನಿಯನ್ನು ಮುಚ್ಚುವ ಆಜ್ಞೆ 2018ರಲ್ಲಿ ಆಯಿತು. ಆ ಡಿಸ್ಕುಗಳು ಪೇಟೆಯಲ್ಲಿ ಇಲ್ಲವಾದರೂ ಸಿನಿಮಾ ಎಲ್ಲಿಯಾದರೂ ಉಳಿದಿರುತ್ತದೆ. ಚಲನಚಿತ್ರಗಳನ್ನು ಕಾಪಾಡಲು 1964ರಲ್ಲಿ ಸರಕಾರವು ನಮ್ಮ ಪುಣೆಯಲ್ಲಿಯೇ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಸ್ಥಾಪಿಸಿತು. ಆದರೆ ನಮ್ಮ ಅಜ್ಜಿ ಸೋಬಾನೆ ಹೇಳಿದ್ದನ್ನು ಯಾವ ಸಂಗ್ರಹಾಲಯವೂ ಕಾಪಾಡುವುದಿಲ್ಲ. ಅದರ ಪ್ರತಿ ಜಗತ್ತಿನಲ್ಲಿ ಒಂದೇ. ಅದು ನಮ್ಮ ಕಪಾಟಿನಲ್ಲಿದೆ.

ಆದುದರಿಂದ ಮನೆಯ ಡಿಸ್ಕು ಒಮ್ಮೆ ಓಡಿತೆಂದರೆ ಕುಳಿತು ನೋಡುವ ಮೊದಲೇ ನಕಲು ತೆಗೆಯಬೇಕು. ಡಿ.ವಿ.ಡಿ.ಯಾದರೆ ವಿಡಿಯೋ ಟಿಎಸ್ ಫೋಲ್ಡರನ್ನು ಇಡಿಯಾಗಿ, ವಿ.ಸಿ.ಡಿ.ಯಾದರೆ ಡ್ಯಾಟ್ ಫೈಲುಗಳನ್ನು ಕಂಪ್ಯೂಟರಿಗೆ ನಕಲಿಸಿದರಾಯಿತು. ಡಿ.ವಿ.ಡಿ.ಯಲ್ಲಿ 'ಐ.ಎಫ್.ಒ.' ಎಂಬ ಸೂಚಿಯ ಫೈಲಿಗೆ 'ಬಿ.ಯು.ಪಿ.' ಎಂಬ ಎರಡನೆಯ ಪ್ರತಿಯನ್ನು ಮೊದಲೇ ಇಟ್ಟಿರುತ್ತಾರೆ. ಮೊದಲನೆಯದು ನಕಲಾಗದಿದ್ದರೆ ಎರಡನೆಯದನ್ನು ತೆಗೆದುಕೊಂಡು ಕೊನೆಯ ಮೂರಕ್ಷರವನ್ನು ಬದಲಿಸಿದರೆ ಕೆಲಸ ನಡೆಯುತ್ತದೆ. ಬಹಳ ಗೀರು ಬಿದ್ದ ಡಿ.ವಿ.ಡಿ.ಗೆ 'ಡಿಡಿ-ರೆಸ್ಕ್ಯೂ' ಎಂಬ ಉಚಿತ ಪ್ರೋಗ್ರಾಮಿದೆ. ಅದು ಸುಲಭವಾಗಿ ಓದಬರುವುದನ್ನು ಮೊದಲು ತೆಗೆದಿಟ್ಟು, ಕಷ್ಟದ ಜಾಗಗಳಿಗೆ ಆಮೇಲೆ ಮತ್ತೆ ಮತ್ತೆ ಹೋಗುತ್ತದೆ. ಲಿನಕ್ಸ್ ಬಲ್ಲವರ ಸಹಾಯ ಪಡೆಯುವುದು ಮೇಲು.

64 ಗಿಗಾಬೈಟಿನ ಒಂದು ಪೆನ್‌ಡ್ರೈವಿನಲ್ಲಿ ಒಂದು ಪದರದ ತುಂಬಿದ ಡಿ.ವಿ.ಡಿ.ಗಳು ಹನ್ನೆರಡರ ಮೇಲೆ ಹಿಡಿಯುತ್ತವೆ. ಆದರೆ ಒಂದೇ ನಕಲನ್ನು ನಂಬಬಾರದು. ಒಂದು ಮನೆಯಲ್ಲಿ, ಒಂದು ಬೇರೆ ಊರಿನ ಬಂಧುಗಳಲ್ಲಿ ಇರಲಿ. ಮೂಲ ಡಿಸ್ಕು ಡಬ್ಬಿಯಲ್ಲಿ ಕತ್ತಲಿನಲ್ಲಿ ನಿಂತಿರಲಿ. ನಕಲನ್ನು ಕೊನೆಯ ವರೆಗೆ ಓಡಿಸಿ ನೋಡಿದ ಮೇಲೆಯೇ ಅದು ನಕಲೆಂದು ಲೆಕ್ಕ. ಸಿನಿಮಾ ಡಿಸ್ಕುಗಳನ್ನು ಹೀಗೆ ನಕಲಿಸಿ ಹಂಚುವುದಕ್ಕೆ ಮಾತ್ರ 1957ರ ಕೃತಿಸ್ವಾಮ್ಯ ಕಾಯಿದೆಯ ಅಡ್ಡಿಯಿದೆ. ಆ ಕೆಲಸಕ್ಕೆ ಯಾರೂ ಕೈಹಾಕಬಾರದು.

ಡಿಸ್ಕೂ ಹಳೆಯದಾಗುತ್ತಿದೆ, ಅದನ್ನು ಓದುವ ಡ್ರೈವೂ ಅಪರೂಪವಾಗುತ್ತಿದೆ. ಎರಡೂ ಒಟ್ಟಿಗೆ ಕೈಗೆ ಸಿಗುವ ಕಾಲ ಹೆಚ್ಚು ಉಳಿದಿಲ್ಲ. ಮುಂದಿನ ರಜೆಯ ದಿನ ಕಪಾಟಿನ ಕಟ್ಟನ್ನು ಇಳಿಸಿ, ಒಂದೊಂದರ ಹೆಸರನ್ನೂ ಸ್ಥಿತಿಯನ್ನೂ ಒಂದು ಕಾಗದದಲ್ಲಿ ಬರೆದುಕೊಂಡು, ಮೇಲೆ ಹೇಳಿದ ಕ್ರಮದಲ್ಲಿ ನೋಡುತ್ತ ಬನ್ನಿರಿ. ಓಡಿದವನ್ನು ಅಂದೇ ನಕಲಿಸಿ. ಓಡದವನ್ನು ಎಸೆಯದೆ ಬೇರೆ ಇಡಿ.